ಬಟ್ಟಲ ಕೆಳಗೆ ಐದು

– ಮಿಸ್, ಒಳ್ಳೆ ಹೊತ್ತಿಗೆ ಬಂದ್ರಿ. ಆ ಸ್ಟೂಲ್ ಎಳ್ಕೊಂಡು ಕೂತ್ಕೊಳ್ಳಿ. ನಮ್ಮ ಪಾಪು ವಿಷಯ ಒಂದು ಕೇಳ್ಬೇಕಿತ್ತು.

– ಮೊದಲು ಅರ್ಧ ಕೇಜಿ ತೊಗರಿಬೇಳೆ, ನೂರು ಗ್ರಾಂ ಸಾಸಿವೆ ಕಟ್ಟು. ಕಟ್ಟುತ್ತಲೇ ಕೇಳು.

– ಪಾಪು ಈಗ ಯುಕೆಜಿ. ಒಂದರಿಂದ ನೂರರ ತನಕ ಗಡಗಡ ಅಂತ ಹೇಳ್ತಾಳೆ, ಇಂಗ್ಲಿಷಲ್ಲೂ ಹೇಳ್ತಾಳೆ, ಕನ್ನಡದಲ್ಲೂ ಹೇಳ್ತಾಳೆ. ಆದ್ರೆ ಐದಕ್ಕೆ ಮೂರು ಕೂಡು ಅಂದ್ರೆ ಸಾಕು, ಎರಡೂ ಕೈ ಮುಂದಕ್ಕೆ ಬರ್ತವೆ. ಬೆರಳು ಎಣಿಸೋ ಅಭ್ಯಾಸ ಬಿಡಿಸಿ ಅಂತ ಸ್ಕೂಲಿಂದ ಡೈರಿಲಿ ಬರೆದು ಕಳಿಸವ್ರೆ. ಅದಕ್ಕೇ ಮೊನ್ನೆಯಿಂದ ಕೈ ಕಟ್ಕೊಂಡು ಹೇಳು ಅಂತ ಕೂರಿಸ್ತಾ ಇದೀನಿ. ಕೈ ಕಟ್ಟಿದ್ರೆ ಬಾಯೂ ಕಟ್ಟೋಯ್ತದೆ ಮಿಸ್.

– ಕಟ್ಟದೆ ಇನ್ನೇನು? ಆರು ವರ್ಷ ತುಂಬದ ಮಗುವಿನ ಹತ್ರ ಇರೋ ಲೆಕ್ಕದ ಸಾಮಾನು ಅಂದ್ರೆ ಆ ಹತ್ತು ಬೆರಳು. ನಿನ್ನ ತಕ್ಕಡಿ ಎತ್ತಿಟ್ಟು ಬೇಳೆ ತೂಗು ಅಂದ್ರೆ ತೂಗ್ತೀಯೇನೋ?

– ಹಂಗಲ್ಲ ಮಿಸ್. ಈಗ ಬಿಡಿಸದಿದ್ರೆ ಎಸ್ಸೆಸ್ಸೆಲ್ಸಿಗೆ ಬಂದ್ರೂ ಬೆರಳು ಮಡಚ್ತಾ ಕೂತಿರ್ತಾಳೆ ಅಂತ ಭಯ.

– ಆ ಭಯ ಅಪ್ಪ ಅಮ್ಮಂದಿರಿಗೆ ಮಾತ್ರ ಅಲ್ಲ, ಮೇಷ್ಟ್ರುಗಳಿಗೂ ಇದೆ. ಅಮೆರಿಕದಲ್ಲಿ ನ್ಯಾನ್ಸಿ ಜೋರ್ಡನ್ ಅನ್ನೋರು, ಅವರ ಜೊತೆಯವರು ಇದರ ಬೆನ್ನು ಹತ್ತಿದ್ರು. ಶಾಲೆಗೆ ಸೇರೋ ವಯಸ್ಸಿಂದ ಎರಡನೇ ಕ್ಲಾಸು ಮುಗಿಯೋವರೆಗೂ ಅವೇ ಮಕ್ಕಳನ್ನ ಮತ್ತೆ ಮತ್ತೆ ಕೂರಿಸಿ ನೋಡಿ, 2008ರಲ್ಲಿ ಬರೆದ್ರು. ಶುರುವಿನ ವರ್ಷದಲ್ಲಿ ಬೆರಳು ಬಳಸೋ ಮಕ್ಕಳ ಉತ್ತರಾನೇ ಹೆಚ್ಚು ಸರಿ ಇರ್ತಿತ್ತು. ಎರಡನೇ ಕ್ಲಾಸಿನ ಕೊನೆ ಹೊತ್ತಿಗೆ ಬೆರಳಿನಿಂದ ಆ ಅನುಕೂಲ ಉಳಿದಿರಲಿಲ್ಲ. ಅಂದ್ರೆ ಬೆರಳಿಗೆ ಒಂದು ಕಾಲ ಅಂತ ಇದೆ. ಆ ಕಾಲಕ್ಕೆ ಮೊದಲೇ ಕಿತ್ಕೊಂಡ್ರೆ ಮಗು ಎಣಿಸೋದು ಬಿಡಲ್ಲ, ಡೆಸ್ಕಿನ ಕೆಳಗೆ ಬಚ್ಚಿಟ್ಟು ಎಣಿಸೋದು ಕಲೀತದೆ. ಅಷ್ಟೇ ನಿನಗೆ ಲಾಭ.

– ಲಾಭ ಅಂದ್ರಲ್ಲ, ಅದರದ್ದೂ ಒಂದು ಕತೆ ಐತೆ. ನಮ್ಮಪ್ಪ ಹಟ್ಟೀಲಿ ರಾಗಿ ಅಳೀವಾಗ ಒಂದು ಅನ್ನಲ್ಲ. ಲಾಭ, ಎರಡು, ಮೂರು ಅಂತಲೇ ಶುರು. ಇವಳು ನೋಡಿ, ತಾತಂಗೆ ಒಂದು ಅನ್ನೋಕೇ ಬರಲ್ಲ ಅಂತ ಬೀದಿಗೆಲ್ಲಾ ಹೇಳ್ಕೊಂಡು ಬಂದ್ಲು.

– ಆಮೇಲೆ?

– ಆಮೇಲೆ ಇವಳೂ ಗೊಂಬೆಗಳನ್ನ ಲಾಭ, ಎರಡು, ಮೂರು ಅಂತಲೇ ಎಣಿಸೋದು.

– ಎಣಿಕೆ ತಪ್ತಾಳಾ?

– ಇಲ್ಲ. ಸರಿಯಾಗೇ ಬರ್ತದೆ.

– ಬರಲೇಬೇಕು. ಮಾತು ಯಾವುದಾದ್ರೂ ಇರಲಿ, ಪ್ರತಿ ಸಲ ಅದೇ ಸರದಿಯಲ್ಲಿ ಬಂದ್ರೆ ಸಾಕು. ಒಂದು ವಸ್ತುವಿಗೆ ಒಂದೇ ಮಾತು, ಎರಡು ಸಲ ಮುಟ್ಟಬಾರದು, ಒಂದನ್ನೂ ಬಿಡಬಾರದು. ಕೊನೇಲಿ ಯಾವ ಮಾತು ಬಂತೋ ಅದೇ ಒಟ್ಟು ಎಷ್ಟು ಅನ್ನೋದಕ್ಕೆ ಉತ್ತರ. ಗೆಲ್ಮನ್, ಗ್ಯಾಲಿಸ್ಟೆಲ್ ಅಂತ ಇಬ್ಬರು 1978ರಲ್ಲಿ ಒಂದು ಪುಸ್ತಕ ಬರೆದು ಎಣಿಕೆಯ ಒಳಗೆ ಏನೇನಿದೆ ಅಂತ ಹೀಗೆ ಬಿಡಿಸಿಟ್ರು. ಹಾಸನದ ಡಯಟ್‌ನಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡೋಕೆ ಹೋಗ್ತಿದ್ದಾಗ ಇದನ್ನೆಲ್ಲ ಓದಿದ್ದು. ನಿಮ್ಮಪ್ಪನ ರಾಗಿ ಅಳತೇಲಿ ಅಷ್ಟೂ ಇದೆ. ಎಲ್ಲಿ ನಿನ್ನ ಮಗಳು? ಪುಟ್ಟಿ, ಬಾ ಇಲ್ಲಿ. ಆ ಡಬ್ಬದಿಂದ ನಂಗೆ ಏಳು ಚಾಕ್ಲೇಟ್ ತೆಗೆದುಕೊಡು ನೋಡಣ.

– ಒಂದು, ಎರಡು, ಮೂರು, ನಾಕು, ಐದು, ಆರು, ಏಳು. ತಗೊಳ್ಳಿ ಅಜ್ಜಿ.

– ಎಷ್ಟು ಕೊಟ್ಟೆ?

– ಏಳು.

– ನೋಡಿದ್ಯೇನೋ? ಎಷ್ಟು ಅಂತ ಕೇಳಿದಾಗ ಇನ್ನೊಂದು ಸಲ ಎಣಿಸ್ಲಿಲ್ಲ. ಮೂರು ವರ್ಷದ ಮಗುನ ಕೇಳು, ಎಣಿಸು ಅಂದ್ರೆ ಚೆನ್ನಾಗಿ ಎಣಿಸ್ತದೆ, ಎಷ್ಟಿದೆ ಅಂದ್ರೆ ಮತ್ತೆ ಒಂದರಿಂದ ಶುರು ಮಾಡ್ತದೆ. ಏಳು ಕೊಡು ಅಂದ್ರೆ ಒಂದು ಹಿಡಿ ಬಾಚಿ ಕೊಡ್ತದೆ. ನೂರರ ತನಕ ಗಡಗಡ ಹೇಳೋದು ಬಾಯಿಪಾಠ, ಅದಕ್ಕೂ ಇದಕ್ಕೂ ಸಂಬಂಧ ಕಮ್ಮಿ. ಇವಳು ಏಳು ಅಂದ್ರೆ ಏಳನ್ನೇ ಕೊಟ್ಲು. ಕೂಡೋ ಲೆಕ್ಕ ಶುರು ಮಾಡೋಕೆ ಅಷ್ಟು ಸಾಕು.

– ಶುರು ಆಗೈತೆ ಮಿಸ್, ಮುಂದಕ್ಕೆ ಹೋಗ್ತಿಲ್ಲ ಅನ್ನೋದೇ ನನ್ನ ಕಷ್ಟ. ಐದು ಮತ್ತೆ ಮೂರು ಅಂದ್ರೆ ಈ ಕೈಲಿ ಒಂದು, ಎರಡು, ಮೂರು, ನಾಕು, ಐದು ಅಂತ ಎತ್ತುತಾಳೆ. ಕೈಲಿ ಐದೇ ಬೆರಳಿರೋದು, ಎಣಿಸೋದೇನೈತೆ? ಆದ್ರೂ ಎಣಿಸ್ಬೇಕು. ಆ ಕೈಲಿ ಒಂದು, ಎರಡು, ಮೂರು. ಆಮೇಲೆ ಮತ್ತೆ ಮೊದಲಿಂದ ಎಂಟರ ತನಕ. ಅಷ್ಟೊತ್ತಿಗೆ ನಾನು ಎರಡು ಗಿರಾಕಿ ಕಳಿಸಿರ್ತೀನಿ.

– ಗಿರಾಕಿ ಕಳಿಸೋ ಅವಸರ ಅವಳಿಗಿಲ್ವಲ್ಲ. ಮೂರು ಸಲ ಎಣಿಸ್ತಾಳೆ ಅಂದೆ. ಒಂದು ಗುಂಪು, ಇನ್ನೊಂದು ಗುಂಪು, ಎರಡೂ ಸೇರಿ ಒಂದು ಹೊಸ ಗುಂಪು. ಕೂಡೋದು ಅಂದ್ರೇನು ಅಂತ ಅವಳಿಗೆ ಗೊತ್ತಿದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಲೆಕ್ಕ ಬಾಯಿಪಾಠ ಮಾಡಿರೋ ಮಗು ಎಂಟು ಅಂತ ತಟ್ಟನೆ ಹೇಳಿಬಿಡಬಹುದು, ಐದು ಬಟಾಣಿ ಮೂರು ಬಟಾಣಿ ಮುಂದಿಟ್ಟು ತೋರಿಸು ಅಂದ್ರೆ ಮುಖ ನೋಡ್ತದೆ. ಅಂಥವನ್ನ ಎಷ್ಟು ನೋಡಿಲ್ಲ ನಾನು.

– ಆದ್ರೂ ಮುಂದಿನ ಮೆಟ್ಟಲು ಹತ್ತಬೇಕಲ್ಲ? ನೀವೆಲ್ಲ ನಮಗೆ ಹೇಳ್ಕೊಟ್ಟಿದ್ರಿ, ದೊಡ್ಡ ಸಂಖ್ಯೆ ಮನಸ್ಸಲ್ಲಿ, ಚಿಕ್ಕ ಸಂಖ್ಯೆ ಬೆರಳಲ್ಲಿ. ಅದನ್ನೇ ನಿನ್ನೆ ಹೇಳ್ಕೊಟ್ಟೆ.

– ಏನು ಮಾಡಿದ್ಲು?

– ಮೂರು ಬೆರಳು ಎತ್ತಿಸಿದೆ, ಮನಸ್ಸಲ್ಲಿ ಐದು ಐತೆ, ಮುಂದಕ್ಕೆ ಎಣಿಸು ಅಂದೆ. ಐದು, ಆರು, ಏಳು ಅಂದ್ಲು. ಏಳು ಅಂತ ಬರೆದ್ಲು.

– ಹಾಂ! ಮೊದಲ ಬೆರಳಿಗೇ ಐದು ಅಂದ್ಲು.

– ಅದೇ ತಪ್ಪು ಹತ್ತು ಸಲ. ಒಂದು ಕಮ್ಮಿ, ಒಂದು ಕಮ್ಮಿ, ಎಲ್ಲದರಲ್ಲೂ ಒಂದು ಕಮ್ಮಿ.

– ಎಲ್ಲದರಲ್ಲೂ ಒಂದೇ ಥರ ತಪ್ಪು ಬರ್ತಿದೆ ಅಂದ್ರೆ ಅದು ಅಜಾಗರೂಕತೆ ಅಲ್ಲ ಕಣೋ. ನಿನ್ನ ಸೂತ್ರವನ್ನ ಅವಳು ಅಕ್ಷರಶಃ ಪಾಲಿಸಿದ್ಲು. ಮನಸ್ಸಲ್ಲಿ ಐದಿದೆ ಅಂದೆ, ಐದರಿಂದ ಶುರು ಮಾಡಿದ್ಲು. ನಿನಗೆ ಐದು ಅಂದ್ರೆ ಐದು ಸಾಮಾನು ಆಗಲೇ ಎಣಿಸಿ ಮುಗಿದಿದೆ ಅಂತ ಅರ್ಥ. ಅವಳಿಗೆ ಇನ್ನೂ ಅದು ನಾಲ್ಕರ ಮುಂದೆ, ಆರರ ಹಿಂದೆ ಬರೋ ಒಂದು ಮಾತು. ಆ ಮಾತಿನ ಹಿಂದೆ ಐದೂ ಇದ್ದಾವೆ ಅನ್ನೋದು ಅವಳಿಗೇ ಹೊಳೀಬೇಕು.

– ಹೊಳೆಯೋವರೆಗೂ ಕಾಯ್ತಾ ಕೂರೋದಾ?

– ಕೈಕಟ್ಟಿ ಕೂರೋದಲ್ಲ, ಹೊಳೆಯೋ ಹಾಗೆ ಮಾಡೋದು. ಆ ಬಿಳಿ ಬಟಾಣಿ ಒಂದು ಹಿಡಿ ಕೊಡು. ಒಂದು ಸ್ಟೀಲ್ ಬಟ್ಟಲು ಕೊಡು. ಪುಟ್ಟಿ, ಇದರಲ್ಲಿ ಐದು ಬಟಾಣಿ ಎಣಿಸಿ ಇಲ್ಲಿಡು. ಐದಾಯ್ತಾ? ಈಗ ನೋಡು, ಬಟ್ಟಲು ಬೋರಲು ಹಾಕಿ ಮುಚ್ಚಿಬಿಟ್ಟೆ. ಈಚೆಗೆ ಮೂರು ಇಡ್ತೀನಿ. ಒಳಗಿರೋದು, ಹೊರಗಿರೋದು ಎಲ್ಲಾ ಸೇರಿ ಎಷ್ಟು?

– ಒಳಗಿಂದು ಕಾಣ್ತಿಲ್ಲ ಅಜ್ಜಿ.

– ಕಾಣಲ್ಲ. ಎಷ್ಟಿಟ್ಟೆ ಅಂತ ನಿಂಗೆ ಗೊತ್ತಲ್ಲ.

– ಒಂದು... ಎರಡು... ಮೂರು... ನಾಕು... ಐದು... ಆರು, ಏಳು, ಎಂಟು. ಎಂಟು!

– ಬಟ್ಟಲ ಮೇಲೆ ಬೆರಳಲ್ಲಿ ಟಕ್ ಟಕ್ ಅಂತ ಐದು ಸಲ ಕುಟ್ಟಿದ್ಲಲ್ಲ ಮಿಸ್!

– ಸುಮ್ನಿರು, ಅವಳ ಮುಂದೆ ಅದನ್ನೆಲ್ಲ ವಿವರಿಸಬೇಡ. ಕಾಣದೇ ಇರೋ ಐದನ್ನ ಬಟ್ಟಲ ಮೇಲೆ ಮಾಡ್ಕೊಂಡ್ಲು. ಅದೊಂದು ಮೆಟ್ಟಿಲು. ಈಗ ಬಟ್ಟಲಲ್ಲಿ ಜಾಸ್ತಿ ಇಡೋಣ, ಹೊರಗೆ ಕಮ್ಮಿ. ಪುಟ್ಟಿ, ಹದಿನಾಕು ಎಣಿಸಿ ಹಾಕು.

– ...ಹದಿಮೂರು, ಹದಿನಾಕು.

– ಮುಚ್ಚಿದೆ. ಈಚೆಗೆ ಎರಡು. ಈಗ?

– ಒಂದು, ಎರಡು, ಮೂರು, ನಾಕು, ಐದು, ಆರು... ಅಜ್ಜಿ, ಇದರಲ್ಲಿ ಹದಿನಾಕು ಇದ್ದೇ ಐತಲ್ಲ.

– ಇದೆ.

– ಹದಿನಾಕು. ಹದಿನೈದು, ಹದಿನಾರು.

– ಅಯ್ಯೋ, ಮಿಸ್!

– ಬೇಜಾರಾಯ್ತು ಅವಳಿಗೆ. ಹದಿನಾಕು ಸಲ ಕುಟ್ಟೋಕೆ ಯಾರಿಗೆ ಬೇಕು? ಅದಕ್ಕೇ ಒಳಗೆ ದೊಡ್ಡ ಸಂಖ್ಯೆ ಇಟ್ಟದ್ದು. ಐದು ಮತ್ತೆ ಮೂರರಲ್ಲಿ ಮೊದಲಿಂದ ಎಣಿಸಿದ್ರೂ ನಷ್ಟ ಇಲ್ಲ, ಹಾಗಾಗಿ ಮಗು ದಾರಿ ಬದಲಾಯಿಸಲ್ಲ. ಹದಿನಾಕು ಮತ್ತೆ ಎರಡರಲ್ಲಿ ಬದಲಾಯಿಸಲೇಬೇಕಾಯ್ತು. ನಾಳೆ ಮತ್ತೆ ಐದು ಮೂರು ಕೇಳು, ಒಂದರಿಂದಲೇ ಶುರು ಮಾಡಿದ್ರೂ ಮಾಡಿಯಾಳು, ರೇಗಬೇಡ. ಹೊಸ ದಾರಿ ಕಂಡ ಮೇಲೂ ಮಕ್ಕಳು ಎಷ್ಟೋ ದಿನ ಹಳೇ ದಾರೀಲೇ ಓಡಾಡ್ತಾರೆ.

– ಹೇಳ್ಕೊಡದೇ ಎಲ್ಲಾ ಮಕ್ಕಳಿಗೂ ಹಿಂಗೆ ಬರ್ತದಾ?

– ಎಲ್ಲರಿಗೂ ಒಂದೇ ಹೊತ್ತಿಗೆ ಬರಲ್ಲ. ಗ್ರೋಯೆನ್, ರೆಸ್ನಿಕ್ ಅನ್ನೋರು 1977ರಲ್ಲಿ ನಾಲ್ಕೂವರೆ ವರ್ಷದ ಕೆಲವು ಮಕ್ಕಳಿಗೆ ಮೊದಲಿಂದ ಎಣಿಸಿ ಕೂಡೋದನ್ನ ಮಾತ್ರ ಕಲಿಸಿದ್ರು. ಆಮೇಲೆ ವಾರಗಟ್ಟಲೆ ಸುಮ್ಮನೆ ಅಭ್ಯಾಸ ಮಾಡಿಸಿದ್ರು. ಅವರಲ್ಲಿ ಅರ್ಧದಷ್ಟು ಮಕ್ಕಳು ಯಾರೂ ಹೇಳದೇನೇ ದೊಡ್ಡ ಸಂಖ್ಯೆಯಿಂದ ಮುಂದಕ್ಕೆ ಎಣಿಸೋಕೆ ಹತ್ತಿದ್ರು. ಎರಡು ಮತ್ತೆ ಆರು ಅಂದ್ರೆ ಆರರಿಂದ ಶುರು. ಎರಡನ್ನ ಮೊದಲು ಹೇಳಿದ್ರೂ ಆರರಿಂದ! ತಿರುಗಿಸಿ ಕೂಡಿದ್ರೂ ಅಷ್ಟೇ ಬರ್ತದೆ ಅನ್ನೋದನ್ನ ಯಾವ ಮೇಷ್ಟ್ರೂ ಹೇಳಿರಲಿಲ್ಲ. ನಮ್ಮ ನಿಮ್ಮ ಸೂತ್ರ ಇದೆಯಲ್ಲ, ದೊಡ್ಡದು ಮನಸ್ಸಲ್ಲಿ ಚಿಕ್ಕದು ಬೆರಳಲ್ಲಿ ಅಂತ, ಅದು ಸುಳ್ಳಲ್ಲ. ಬೇಗ ಹೇಳಿದ್ರೆ ಏಳು ಅಂತ ಬರ್ತದೆ, ಮಗು ತಾನೇ ಕಂಡ್ಕೊಂಡ ಮೇಲೆ ಹೇಳಿದ್ರೆ ಅದು ಅವಳ ಕೆಲಸಕ್ಕೆ ಒಂದು ಹೆಸರು.

– ಮನೇಲಿ ಚೌಕಾಬಾರ ಆಡ್ತೀವಿ. ಅಲ್ಲೂ ಇದೇ ತಪ್ಪು ಮಾಡ್ತಾಳೆ ಅಂತ ಈಗ ಹೊಳೀತು. ಕಾಯಿ ಇರೋ ಮನೇನೇ ಒಂದು ಅಂತ ಎಣಿಸ್ತಾಳೆ. ಮೂರು ಬಿದ್ರೆ ಎರಡೇ ಮನೆ ನಡೆಸೋದು. ನಮ್ಮವ್ವ, ಅಯ್ಯೋ ದಡ್ಡಿ, ನಿನಗೇ ನಷ್ಟ ಮಾಡ್ಕೊತಿದ್ದೀಯ ಅಂತ ಬಯ್ತಾಳೆ.

– ಅದೇ ತಪ್ಪು, ಬೇರೆ ವೇಷ. ನಿಂತಿರೋ ಮನೆ ಆಗಲೇ ಮುಗಿದ ಲೆಕ್ಕ, ಹೆಜ್ಜೆ ಇಟ್ಟ ಮೇಲೇ ಒಂದು. ಆಟದಲ್ಲಿ ಇದು ಬೇಗ ತಿದ್ದಿಕೊಳ್ತದೆ, ಯಾಕಂದ್ರೆ ಅಜ್ಜಿಯ ಕಾಯಿ ಕಡಿಯೋಕೆ ಸರಿಯಾಗಿ ಆ ಮನೆಗೇ ಹೋಗ್ಬೇಕು. ಕವಡೇಲಿ ಆಡ್ತೀರಾ?

– ಹುಣಸೆ ಬೀಜ. ಒಂದು ಕಡೆ ಕಲ್ಲಿಗೆ ತೇದು ಬಿಳಿ ಮಾಡವ್ಳೆ ನಮ್ಮವ್ವ. ನಾಕೂ ಬಿಳಿ ಬಿದ್ರೆ ಚೌಕ, ನಾಕೂ ಕಪ್ಪು ಬಿದ್ರೆ ಬಾರ, ಎಂಟು. ಚೌಕ ಬಾರ ಬಿದ್ರೆ ಇನ್ನೊಂದು ಸಲ ಹಾಕ್ಬೋದು.

– ನೋಡು, ಆ ಇನ್ನೊಂದು ಸಲದಲ್ಲೇ ಇದೆ ಕೂಡೋ ಲೆಕ್ಕ. ಅಜ್ಜಿಯ ಕಾಯಿ ಏಳು ಮನೆ ಆಚೆಗಿದೆ. ಚೌಕ ಬಿತ್ತು. ಇನ್ನೆಷ್ಟು ಬಿದ್ರೆ ಕಡೀಬೋದು? ಒಂದೇ ಒಂದು ಪ್ರಶ್ನೆ, ಅವಳ ಸರದಿ ಬಂದಾಗ ಕೇಳು. ಮೂರು ಬೀಳಲಿ ಮೂರು ಬೀಳಲಿ ಅಂತ ಬೀಜ ಉಜ್ಜುತಾಳಲ್ಲ, ಆಗ ಅವಳು ಮಾಡ್ತಿರೋದು ನಾಲ್ಕಕ್ಕೆ ಎಷ್ಟು ಸೇರಿದ್ರೆ ಏಳು ಅನ್ನೋ ಲೆಕ್ಕ. ಅದನ್ನ ಪುಸ್ತಕದಲ್ಲಿ ಖಾಲಿ ಚೌಕ ಹಾಕಿ ಕೇಳಿದ್ರೆ ಎರಡನೇ ಕ್ಲಾಸಿನವರೂ ಅಳ್ತಾರೆ.

– ಹಾವು ಏಣಿ ಬೋರ್ಡೂ ಐತೆ.

– ಅದರಲ್ಲಿ ಒಂದು ಸಣ್ಣ ಉಪಾಯ. ಹದಿನೇಳರ ಮನೇಲಿ ಕಾಯಿ ಇದೆ, ಮೂರು ಬಿತ್ತು ಅಂದ್ಕೋ. ಒಂದು, ಎರಡು, ಮೂರು ಅಂತ ನಡೆಸೋದು ಬೇಡ, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಅಂತ ಮನೆಯ ನಂಬರ್ ಹೇಳ್ತಾ ನಡೆಸ್ಲಿ. ಲಾಸ್ಕಿ, ಸೀಗ್ಲರ್ ಅನ್ನೋರು 2014ರಲ್ಲಿ ಬರೆದಿದ್ದಾರೆ, ಇಂಥ ಆಟದಿಂದ ಮಕ್ಕಳಿಗೆ ಸಂಖ್ಯೆ ಕೈವಶ ಆಗೋದು ಹೀಗೆ ಆಡಿದಾಗ. ಬರೀ ಒಂದು, ಎರಡು, ಮೂರು ಅಂತ ಆಡಿದವರಿಗೆ ಅಷ್ಟು ಗುಣ ಕಾಣಲಿಲ್ಲ. ಬೋರ್ಡು ಇಲ್ಲದಿದ್ರೆ ಭಾನುವಾರ ಹೊಳೆ ಕಡೆ ಕರ್ಕೊಂಡು ಹೋಗ್ತೀಯಲ್ಲ, ತೂಗುಸೇತುವೆ ಮೇಲೆ ಹತ್ತು ಹೆಜ್ಜೆ ಎಣಿಸಿ ನಿಲ್ಲಿ. ಇನ್ನು ನಾಕು ಹೆಜ್ಜೆ ಇಟ್ರೆ ಎಷ್ಟಾಗ್ತದೆ ಅಂತ ಕೇಳು, ಆಮೇಲೆ ಇಟ್ಟು ನೋಡ್ಲಿ. ಕೈ ಮಾತ್ರ ಗಟ್ಟಿಯಾಗಿ ಹಿಡ್ಕೋ.

– ಒಂದು ಮಾತು ಹೇಳ್ಲಾ ಮಿಸ್? ನಾನು ಲೆಕ್ಕ ಕಲಿತದ್ದು ನಿಮ್ಮ ಸ್ಕೂಲಲ್ಲಿ ಅಲ್ಲ, ಇಲ್ಲಿ. ಏಳನೇ ಕ್ಲಾಸಿಂದ ನಮ್ಮ ಚಿಕ್ಕಪ್ಪನ ಅಂಗಡೀಲಿ ಕೂತೆ. ಇವಳನ್ನೂ ಸಾಯಂಕಾಲ ಗಲ್ಲಾಪೆಟ್ಟಿಗೆ ಹತ್ರ ಕೂರಿಸ್ಕೊಂಡ್ರೆ ತಾನೇ ಬರ್ತದೆ. ಬಟಾಣಿ, ಬಟ್ಟಲು, ಬೋರ್ಡು ಎಲ್ಲಾ ಯಾಕೆ?

– ಸರಿ, ನನ್ನ ಬಿಲ್ಲು ಅರವತ್ಮೂರು ರೂಪಾಯಿ ಆಯ್ತು, ನೂರರ ನೋಟು ಕೊಟ್ಟೆ ಅಂದ್ಕೋ. ಚಿಲ್ಲರೆ ಹೆಂಗೆ ಕೊಡ್ತೀಯ?

– ಎರಡು ರೂಪಾಯಿ, ಅರವತ್ತೈದು. ಐದು, ಎಪ್ಪತ್ತು. ಹತ್ತು, ಎಂಬತ್ತು. ಇಪ್ಪತ್ತು, ನೂರು. ತಗೊಳ್ಳಿ.

– ಕಳೆಯೋ ಲೆಕ್ಕ ಕಣೋ ಇದು, ನೂರರಲ್ಲಿ ಅರವತ್ಮೂರು ಕಳೀಬೇಕು. ನೀನು ಒಂದ್ಸಲನಾದ್ರೂ ಕಳೆದ್ಯಾ? ಮುಂದಕ್ಕೆ ಎಣಿಸ್ತಾ ಹೋದೆ. ನಿನ್ನ ಮಗಳು ಹದಿನಾಕರಿಂದ ಹದಿನೈದು, ಹದಿನಾರು ಅಂದ್ಲಲ್ಲ, ಅದೇ ಕೆಲಸ. ಅವಳು ಒಂದೊಂದಾಗಿ ಹೋದ್ಲು, ನೀನು ನೋಟಿಗೊಂದು ಹೆಜ್ಜೆ ಹಾಕ್ತಾ ಹೋದೆ.

– ಹಂಗಾದ್ರೆ ನನ್ನ ಮಾತು ಸರಿನೇ ಆಯ್ತಲ್ಲ?

– ಅರ್ಧ ಸರಿ. ಮೊದಲನೇದಾಗಿ, ಈಗ ನೀನು ದಿನಕ್ಕೆ ಎಷ್ಟು ಜನಕ್ಕೆ ಚಿಲ್ಲರೆ ಕೊಡ್ತೀಯ?

– ಎಲ್ಲಿ ಮಿಸ್, ಎಲ್ಲಾ ಫೋನ್‌ಪೇ. ಎರಡು ರೂಪಾಯಿ ಬೆಂಕಿಪೊಟ್ಟಣಕ್ಕೂ ಫೋನ್ ಹಿಡೀತಾರೆ. ದುಡ್ಡು ಬಂತು ಅಂತ ಆ ಡಬ್ಬನೇ ಕೂಗ್ತದೆ.

– ನೀನು ಕೂತಾಗ ಗಲ್ಲಾಪೆಟ್ಟಿಗೇಲಿ ನಾಣ್ಯ ಓಡಾಡ್ತಿತ್ತು, ಕಿವಿಗೂ ಕಣ್ಣಿಗೂ ಬೀಳ್ತಿತ್ತು. ಇವಳಿಗೆ ಡಬ್ಬದ ಕೂಗು ಮಾತ್ರ. ಎರಡನೇದು, ಅಂಗಡಿ ಲೆಕ್ಕ ಬಂದ ಮಾತ್ರಕ್ಕೆ ಪುಸ್ತಕದ ಲೆಕ್ಕ ಬರ್ತದೆ ಅಂತ ಏನೂ ಇಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೋ ಗೊತ್ತಲ್ಲ, 2019ರಲ್ಲಿ ನೊಬೆಲ್ ಬಂತು. ಅವರೂ ಅವರ ಜೊತೆಯವರೂ ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳಲ್ಲಿ ಕೆಲಸ ಮಾಡೋ 1,400ಕ್ಕೂ ಹೆಚ್ಚು ಮಕ್ಕಳ ಲೆಕ್ಕ ನೋಡಿದ್ರು. 2025ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ತರಕಾರಿ ಮಾರೋ ಹುಡುಗ ಇಷ್ಟು ಕೇಜಿ ಆಲೂಗಡ್ಡೆ, ಇಷ್ಟು ಈರುಳ್ಳಿ, ಒಟ್ಟು ಇಷ್ಟು ದುಡ್ಡು, ಇಷ್ಟು ಚಿಲ್ಲರೆ ಅಂತ ಬಾಯಲ್ಲೇ ಹೇಳ್ತಾನೆ. ಅದಕ್ಕಿಂತ ಸುಲಭದ ಲೆಕ್ಕ ಶಾಲೇಲಿ ಬರೆಯೋ ಥರ ಹಾಳೆ ಮೇಲೆ ಕೊಟ್ರೆ ಕೈ ಓಡಲ್ಲ. ಶಾಲೆಗೆ ಮಾತ್ರ ಹೋಗೋ ಮಕ್ಕಳದ್ದು ಇದಕ್ಕೆ ಉಲ್ಟಾ. ಹಾಳೆ ಮೇಲೆ ಮಾಡ್ತಾರೆ, ಸಂತೆ ಲೆಕ್ಕಕ್ಕೆ ತಡವರಿಸ್ತಾರೆ. ಒಂದೇ ಊರಿನ ಮಕ್ಕಳು, ಎರಡು ಕಡೆ ಎರಡು ಗಣಿತ.

– ಅದು ನಿಜ. ನಮ್ಮ ಕಡೆ ಹೊಗೆಸೊಪ್ಪು ಬೆಳೆಯೋರನ್ನೇ ನೋಡಿ. ರಾಮನಾಥಪುರದ ಹರಾಜಿಗೆ ಬೇಲು ಹಾಕ್ಕೊಂಡು ಹೋದ್ರೆ ಕೇಜಿಗೆ ಇಷ್ಟು ಅಂತ ಬಾಯಲ್ಲೇ ದುಡ್ಡು ಲೆಕ್ಕ ಹಾಕ್ತಾರೆ. ಬ್ಯಾಂಕ್ ಚಲನ್ ಕೊಟ್ರೆ ನನ್ನ ಹತ್ರ ಬರ್ತಾರೆ, ಬರೆದುಕೊಡು ಅಂತ.

– ಇವಳಿಗೆ ಆ ಎರಡೂ ಕಡೆ ನಡುವೆ ಓಡಾಟ ಮೊದಲಿಂದಲೇ ಇರಲಿ ಅಂತ ನನ್ನ ಹಟ. ಇವತ್ತು ಬಟಾಣೀಲಿ ಮಾಡಿದ್ಲು. ಮಾಡಿದ್ದನ್ನ ಬಾಯಲ್ಲಿ ಹೇಳಲಿ: ಐದು ಇತ್ತು, ಮೂರು ಬಂತು, ಎಂಟಾಯ್ತು. ಆಮೇಲೆ ಚಿತ್ರ ಬರೀಲಿ, ಬಟ್ಟಲಿಗೊಂದು ಗುಂಡು, ಹೊರಗೆ ಮೂರು ಚುಕ್ಕೆ. ಅದರ ಪಕ್ಕದಲ್ಲಿ 5 + 3 = 8 ಅಂತ ನೀನು ಬರೆದು ತೋರಿಸು, ಅವಳು ಮಾಡಿದ್ದನ್ನ ಹೀಗೂ ಬರೀತಾರೆ ಅಂತ. ಒಂದೊಂದು ದಿನ 8 = 5 + 3 ಅಂತ ತಿರುಗಿಸಿ ಬರಿ. ಇಲ್ಲದಿದ್ರೆ ಆ ಎರಡು ಗೆರೆ ಅಂದ್ರೆ ಉತ್ತರ ಇಲ್ಲಿ ಬರೀರಿ ಅಂತ ಮಕ್ಕಳು ತಿಳ್ಕೋತಾರೆ, ಹೈಸ್ಕೂಲಿಗೆ ಹೋಗಿ ಬೀಜಗಣಿತದಲ್ಲಿ ಮುಗ್ಗರಿಸ್ತಾರೆ.

– ಹತ್ತು ದಾಟಿದ್ರೆ ಬೆರಳು ಸಾಲಲ್ಲ. ಎಂಟು ಮತ್ತೆ ಐದು ಅಂದ್ರೆ ಕಾಲ್ಬೆರಳು ನೋಡ್ತಾಳೆ.

– ನಿನ್ನ ಅಂಗಡೀಲಿ ಮೊಟ್ಟೆ ಟ್ರೇ ರಾಶಿ ಬಿದ್ದಿದೆ. ಒಂದು ಕೊಡು, ಕತ್ತರಿ ಕೊಡು. ಒಂದು ಕಡೆಯಿಂದ ಐದು ಗುಳಿ, ಇನ್ನೊಂದು ಕಡೆಯಿಂದ ಆರು. ಮೂವತ್ತು ಮೊಟ್ಟೆಯದು. ಎರಡೆರಡು ಸಾಲಿಗೆ ಕತ್ತರಿಸ್ತೀನಿ ನೋಡು. ಮೂರು ತುಂಡಾಯ್ತು, ಪ್ರತಿಯೊಂದರಲ್ಲೂ ಐದೈದರ ಎರಡು ಸಾಲು. ಪುಟ್ಟಿ, ಇದರಲ್ಲಿ ಎಂಟು ಗೋಲಿ ಇಡು. ಇನ್ನೊಂದರಲ್ಲಿ ಐದು.

– ಇದು ಪೂರ್ತಿ ಒಂದು ಸಾಲು. ಐದು.

– ಆಹಾ, ಎಣಿಸ್ಲಿಲ್ಲ! ಎಂಟಿನ ಟ್ರೇಲಿ ಎಷ್ಟು ಖಾಲಿ?

– ಎರಡು. ಇದರಿಂದ ತೆಗೆದು ಅದಕ್ಕೆ ಹಾಕ್ಲಾ?

– ನಿನ್ನಿಷ್ಟ.

– ತುಂಬ್ತು. ಇದರಲ್ಲಿ ಮೂರು ಉಳೀತು. ಹತ್ತು, ಮೂರು. ಹದಿಮೂರು!

– ಮಿಸ್, ಇದು ನಾನು ಬಿಲ್ಲಿನ ಚೀಟೀಲಿ ಮಾಡೋ ಲೆಕ್ಕ. ಎಂಟು ಐದು ಬಂದ್ರೆ ಎರಡು ಎತ್ತಿ ಹತ್ತು ಮಾಡ್ಕೋತೀನಿ.

– ಮಾಡ್ಕೋತೀಯ, ಆದ್ರೆ ಮಾಡ್ತೀನಿ ಅಂತ ನಿನಗೇ ಗೊತ್ತಿರಲಿಲ್ಲ. ಇದನ್ನ ಈಗಲೇ ಪಾಠ ಮಾಡಬೇಡ, ಒಂದನೇ ಕ್ಲಾಸಿನ ಮಾತು ಇದು. ಟ್ರೇ ಗಲ್ಲಾಪೆಟ್ಟಿಗೆ ಪಕ್ಕ ಬಿದ್ದಿರಲಿ. ಬೇಕಾದ್ರೆ ಆಡ್ತಾಳೆ. ಇನ್ನೊಂದು ಗಮನಿಸಿದ್ಯಾ? ಹತ್ತು, ಮೂರು, ಹದಿಮೂರು ಅಂತ ಬಾಯಿಗೆ ತಾನೇ ಬಂತು. ಕನ್ನಡದಲ್ಲಿ ಹೇಳಿದ್ರೆ ಒಳಗಿನ ಹತ್ತೂ ಮೂರೂ ಕೇಳಿಸ್ತವೆ. ಇಪ್ಪತ್ತೊಂದು, ಮೂವತ್ತೆರಡು, ಎಲ್ಲಾ ಹಾಗೇ. ಇಲೆವೆನ್, ಟ್ವೆಲ್ವ್ ಅಂದ್ರೆ ಏನು ಕೇಳಿಸ್ತದೆ? ಶಾಲೇಲಿ ಇಂಗ್ಲಿಷ್ ಇರಲಿ, ಬೇಡ ಅನ್ನಲ್ಲ. ಮನೇಲಿ ಎಣಿಸೋದು ಕೂಡೋದು ಕನ್ನಡದಲ್ಲಿ ಮಾಡಿಸಿ, ಉತ್ತರ ಬಂದ ಮೇಲೆ ಅದಕ್ಕೆ ಇಂಗ್ಲಿಷಲ್ಲಿ ಥರ್ಟೀನ್ ಅಂತಾರೆ ಅಂತ ಹೇಳು.

– ಇದೆಲ್ಲಾ ನಿಮ್ಮ ನಲಿಕಲಿ ಥರನೇ ಆಯ್ತು. ಸರ್ಕಾರಿ ಸ್ಕೂಲಲ್ಲಿ ಬರೀ ಆಟ ಆಡಿಸ್ತಾರೆ ಅಂತ ತಾನೇ ನಾವು ಫೀಸು ಕಟ್ಟಿ ಕಾನ್ವೆಂಟಿಗೆ ಹಾಕಿದ್ದು?

– ನೀನು ಒಂದನೇ ಕ್ಲಾಸಿಗೆ ಬಂದಾಗ ನಲಿಕಲಿ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ ಆಗಷ್ಟೇ ಕಣ್ಣು ಬಿಡ್ತಿತ್ತು. 1995ರಲ್ಲಿ ಅಲ್ಲಿನ ಮೇಷ್ಟ್ರುಗಳೇ ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡ್ಕೊಂಡು ಬಂದು ಕಲಿಕೆಯ ಕಾರ್ಡು ಮಾಡಿದ್ರು, ಯುನಿಸೆಫ್ ಸಹಾಯ ಇತ್ತು. ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದದ್ದು 2009–10ರಲ್ಲಿ. ಕಲಿಕಾ ಏಣಿ ಅಂತ ಗೋಡೆ ಮೇಲೆ ಇರ್ತದೆ, ಪ್ರತಿ ಮಗು ತಾನೆಲ್ಲಿದ್ದೀನಿ ಅಂತ ತಾನೇ ನೋಡ್ಕೊಂಡು ಕಾರ್ಡು ತಗೊಳ್ಳುತ್ತೆ. ಒಬ್ಬಳು ಬೆರಳಲ್ಲಿ ಎಣಿಸ್ತಿದ್ರೆ ಪಕ್ಕದವನು ಹತ್ತರ ಕಟ್ಟು ಕಟ್ತಿರ್ತಾನೆ, ಯಾರಿಗೂ ನಾಚಿಕೆ ಇಲ್ಲ. ಅದು ನನಗೆ ತುಂಬಾ ಹಿಡಿಸಿದ್ದು. ಅದರಲ್ಲಿ ಕೊರತೆ ಇಲ್ಲ ಅಂತಲ್ಲ. ಒಂದು, ಎರಡು, ಮೂರನೇ ಕ್ಲಾಸು ಮೂರೂ ಒಬ್ಬರೇ ಟೀಚರ್ ಕೈಲಿ. ಎಷ್ಟೋ ಕಡೆ ಕಾರ್ಡು ಮುಗಿಸೋದೇ ಕೆಲಸವಾಗಿ, ಕಡ್ಡಿ ಕಲ್ಲು ಮಣಿ ಎಲ್ಲಾ ಬೀರು ಸೇರಿದ್ವು. ಆದ್ರೆ ಆಟ ಆಡಿಸ್ತಾರೆ ಅನ್ನೋದನ್ನ ದೂರು ಅಂತ ಹೇಳಬೇಡ ನನ್ನ ಮುಂದೆ.

– ದೂರಲ್ಲ ಮಿಸ್. ಇವಳ ಪುಸ್ತಕ ನೋಡಿ, ಇದಕ್ಕೇನು ಮಾಡ್ಲಿ ಹೇಳಿ. ಇಪ್ಪತ್ನಾಲ್ಕು, ಕೆಳಗೆ ಹದಿಮೂರು, ಗೆರೆ. ಒಂದು ಪುಟಕ್ಕೆ ಹತ್ತು ಲೆಕ್ಕ. ದಿನಾ ಒಂದು ಪುಟ. ಇದನ್ನ ಬೆರಳಿಲ್ಲದೆ ಮಾಡ್ಬೇಕಂತೆ.

– ಎಲ್ಲದಕ್ಕೂ ಟಿಕ್ ಬಿದ್ದಿದೆ.

– ಬಿದ್ದೈತೆ. ನಾಕು ಮೂರು ಏಳು, ಎರಡು ಒಂದು ಮೂರು, ಅಂತ ಬರೀತಾಳೆ.

– ಪುಟ್ಟಿ, ಇಲ್ಲಿ ಏನು ಬಂತು ಹೇಳು?

– ಮೂರು, ಏಳು.

– ಮೂವತ್ತೇಳು ಅನ್ನಲಿಲ್ಲ, ನೋಡು. ಎರಡು ಸಣ್ಣ ಲೆಕ್ಕ ಅಕ್ಕಪಕ್ಕ ಮಾಡಿದ್ದಾಳೆ. ಇಪ್ಪತ್ತು ಹತ್ತು ಸೇರಿ ಮೂವತ್ತಾಯ್ತು ಅಂತ ಅವಳಿಗೂ ತಿಳಿದಿಲ್ಲ, ಪುಸ್ತಕಕ್ಕೂ ಬೇಕಾಗಿಲ್ಲ. ಟಿಕ್ ಬಂತು, ನೀನು ನೆಮ್ಮದಿಯಾಗಿ ಫೀಸು ಕಟ್ಟಿದೆ.

– ಹೋಗಿ ಕೇಳೋಣ ಅಂದ್ರೆ ನಾನು ಏನು ಅಂತ ಕೇಳ್ಲಿ? ಅವರು ಬಿ.ಎಡ್. ಓದಿರೋರು, ನಾನು ದಿನಸಿ ಅಂಗಡಿಯವನು.

– 2022ರಲ್ಲಿ ಕೇಂದ್ರ ಸರ್ಕಾರ ಬುನಾದಿ ಹಂತಕ್ಕೆ ಅಂತ ಒಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತಂತು, ಮೂರರಿಂದ ಎಂಟು ವರ್ಷದ ಮಕ್ಕಳದ್ದು. ಆಟದಿಂದ ಕಲಿಸಿ ಅಂತ ಅದರಲ್ಲೇ ಇದೆ. ಅದರ ಹೆಸರು ಹೇಳಿ, ದಿನಾ ಒಂದು ಪುಟದ ಬದಲು ವಾರಕ್ಕೊಂದು ಕೊಡೋಕಾಗ್ತದಾ ಅಂತ ಮೆತ್ತಗೆ ಕೇಳೋದು. ಬೆರಳು ಬಿಡಿಸಿ ಅಂತ ಡೈರೀಲಿ ಬರೆದದ್ದಕ್ಕೆ, ಎರಡನೇ ಕ್ಲಾಸಿನವರೆಗೂ ಬಿಡಿ ಮೇಡಂ ಅನ್ನೋದು. ಕೇಳಿಸ್ಕೊಂಡ್ರೆ ಸರಿ, ಇಲ್ಲದಿದ್ರೆ ಆ ಪುಟ ಹೆಂಗೂ ಅವಳು ಐದು ನಿಮಿಷಕ್ಕೆ ಮುಗಿಸ್ತಾಳೆ, ಮಿಕ್ಕ ಹೊತ್ತು ಚೌಕಾಬಾರ ಆಡಿ. ಪೋಷಕರ ಸಭೆ ಯಾವಾಗ?

– ಬರೋ ಶನಿವಾರ.

– ಅವಳಮ್ಮನ್ನ ಕಳಿಸು. ನೀನು ಹೋದ್ರೆ ಜಗಳ ಮಾಡ್ತೀಯ. ಎಷ್ಟಾಯ್ತು ನನ್ನದು?

– ಬೇಳೆ, ಸಾಸಿವೆ... ಪಾಪು, ಅಜ್ಜಿ ಹತ್ರ ಏಳು ಚಾಕ್ಲೇಟೂ ಐತಲ್ಲ, ಅದನ್ನೂ ಸೇರಿಸ್ಬೇಕಾ?

– ಚಾಕ್ಲೇಟು ವಾಪಸ್ ಡಬ್ಬಕ್ಕೆ ಹಾಕಿದ್ದೀನಿ ಕಣೋ. ಎಣಿಸ್ಕೋ ಬೇಕಾದ್ರೆ.

– ಐದೇ ಐತಲ್ಲ ಮಿಸ್ ಇಲ್ಲಿ.

– ನಿನ್ನ ಮಗಳ ಬಾಯಿ ನೋಡು.